ಟೈಲ್ಸ್ ಒಡೆಯೋಕೆ ಮುಂಚೆ ಯಾವ ಲೈನ್ ಸೋರ್ತಿದೆ ಅಂತ ಹಿಡೀರಿ

ಗೋಡೆ ಬುಡದಲ್ಲಿ ಪೇಂಟ್ ಉಬ್ಬಿ ಉದುರ್ತಿದೆ, ಸ್ಕರ್ಟಿಂಗ್ ಮೇಲೆ ಬಿಳಿ ಉಪ್ಪು ಕೂತಿದೆ, ಒರೆಸಿ ಎಷ್ಟು ಹೊತ್ತಾದ್ರೂ ಟೈಲ್ಸ್ ಸಂದಿ ಒಣಗ್ತಿಲ್ಲ. ಇಷ್ಟು ಕಂಡ ತಕ್ಷಣ ಬಹಳ ಜನ ಮೇಸ್ತ್ರೀನ ಕರೆಸಿ ಒದ್ದೆ ಇರೋ ಜಾಗದಲ್ಲೇ ನೆಲ ಒಡೆಸ್ತಾರೆ. ಅಲ್ಲಿ ನೋಡಿದ್ರೆ ಪೈಪ್ ಚೆನ್ನಾಗೇ ಇರತ್ತೆ, ಆಮೇಲೆ ಪಕ್ಕದ ಟೈಲ್, ಅದರ ಪಕ್ಕದ್ದು, ಸಂಜೆ ಹೊತ್ತಿಗೆ ಇಡೀ ಬಾತ್‌ರೂಮ್ ಅಗೆದು ಹಾಕಿರ್ತಾರೆ. ಬೆಡ್ ಕಾಂಕ್ರೀಟ್ ಕೆಳಗೆ ತುಂಬಿರೋ ಮಣ್ಣಲ್ಲಿ ನೀರು ತಗ್ಗು ಹುಡುಕ್ಕೊಂಡು ಹೋಗತ್ತೆ ಕಣ್ರೀ, ಪೈಪ್ ಬಿರುಕು ಬಿಟ್ಟಿರೋದು ಅಡುಗೆಮನೇಲಿ, ಒದ್ದೆ ಕಾಣೋದು ದೇವರಮನೆ ಗೋಡೇಲಿ.

ಒಂದು ವಿಷಯ ಮೊದಲೇ ನೋಡ್ಕೊಳ್ಳಿ. ಮಳೆಗಾಲದಲ್ಲಿ ಮಾತ್ರ, ಅದೂ ಹೊರಗೋಡೆ ಉದ್ದಕ್ಕೂ ಒದ್ದೆ ಆಗಿ ಬೇಸಿಗೇಲಿ ಒಣಗಿದ್ರೆ ಅದು ನೆಲದ ತೇವ, ಪೈಪ್‌ದಲ್ಲ. ಏಪ್ರಿಲ್‌ನಲ್ಲೂ ಒದ್ದೆ ಇದ್ರೆ ಪೈಪ್ ಮೇಲೆ ಅನುಮಾನ ಪಡಿ.

ಬೆಂಗಳೂರು ಕಡೆ ಮನೇಲಿ ನೆಲದಡಿ ಹೋಗೋ ಲೈನ್ ಒಂದಲ್ಲ. ಮೀಟರಿಂದ ಸಂಪಿಗೆ (ನೆಲದಡಿ ನೀರಿನ ತೊಟ್ಟಿ), ಸಂಪಿಂದ ಮೇಲಿನ ಟ್ಯಾಂಕಿಗೆ, ಟ್ಯಾಂಕಿಂದ ಬಾತ್‌ರೂಮ್ ಅಡುಗೆಮನೆಗೆ, ಆಮೇಲೆ ಕೊಳಚೆ ಪೈಪ್. ಒಂದೊಂದಾಗಿ ತಳ್ಳಿಹಾಕ್ತಾ ಬರಬೇಕು.

ಮೀಟರ್ ಲೈನ್ ಸುಲಭ. ಕಾವೇರಿ ನೀರು ಬರೋ ಹೊತ್ತಲ್ಲಿ ಸಂಪಿನ ಹತ್ರ ವಾಲ್ವ್ ಬಂದ್ ಮಾಡಿ ಮೀಟರ್ ನೋಡಿ, ಮುಳ್ಳು ತಿರುಗ್ತಾನೇ ಇದ್ರೆ ಸೋರಿಕೆ ಆ ಎರಡರ ಮಧ್ಯೆ. ಮೋಟರ್ ಲೈನಾದ್ರೆ ಟ್ಯಾಂಕ್ ತುಂಬೋಕೆ ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯತ್ತೆ.

ಜನ ಎಡವೋದು ಟ್ಯಾಂಕಿಂದ ಕೆಳಗೆ ಇಳಿಯೋ ಲೈನ್‌ಗಳಲ್ಲಿ. ಮೊದಲು ಕಮೋಡ್ ಫ್ಲಶ್ ಟ್ಯಾಂಕಿಗೆ ಒಂಚೂರು ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ, ಫ್ಲಶ್ ಮಾಡದೇ ಬೌಲಲ್ಲಿ ಬಣ್ಣ ಕಂಡ್ರೆ ಅಲ್ಲೂ ನೀರು ಹೋಗ್ತಿದೆ, ಅದನ್ನ ರಿಪೇರಿ ಮಾಡದೇ ಮುಂದಿನ ಲೆಕ್ಕ ಸರಿ ಬರಲ್ಲ. ಆಮೇಲೆ ರಾತ್ರಿ ಟ್ಯಾಂಕ್ ತುಂಬಿಸಿ, ತಾರಸಿ ಮೇಲಿರೋ ಎಲ್ಲಾ ವಾಲ್ವ್ ಬಂದ್ ಮಾಡಿ, ನೀರಿನ ಮಟ್ಟಕ್ಕೆ ಗುರುತು ಹಾಕಿ ಮಲಗಿ. ಬೆಳಿಗ್ಗೆ ಮಟ್ಟ ಹಾಗೇ ಇದ್ರೆ ಮಾರನೇ ರಾತ್ರಿ ಒಂದೇ ಲೈನಿನ ವಾಲ್ವ್ ತೆಗೆದು ನೋಡಿ, ಅದರ ಮಾರನೇ ದಿನ ಇನ್ನೊಂದು. ಯಾವತ್ತು ಮಟ್ಟ ಇಳೀತೋ ಅದೇ ಲೈನು. ಇದರಲ್ಲಿ ಮೋಸ ಮಾಡೋದು ಹಳೇ ಗೇಟ್ ವಾಲ್ವ್, ಚಕ್ರ ಸುತ್ತಿಸಿ ಮುಚ್ಚೋದು. ತಿರುಗಿಸಿದ್ರೆ ಬಂದ್ ಆದಂಗೆ ಅನ್ಸತ್ತೆ, ಒಳಗೆ ಪೂರ್ತಿ ಕೂತಿರಲ್ಲ. ವಾಲ್ವ್ ಬಂದ್ ಮಾಡಿ ಕೆಳಗಿನ ನಲ್ಲಿ ತೆಗೆದಿಡಿ, ಪೈಪಲ್ಲಿರೋ ನೀರೆಲ್ಲಾ ಇಳಿದ ಮೇಲೂ ಹನಿ ನಿಲ್ಲದಿದ್ರೆ ಆ ವಾಲ್ವ್ ಬದಲಾಯಿಸಿ, ಹಿಡಿಕೆ ಕಾಲು ಸುತ್ತು ತಿರುಗಿಸಿ ಮುಚ್ಚೋ ಬಾಲ್ ವಾಲ್ವೇ ಹಾಕಿಸಿ.

ಲೈನ್ ಗೊತ್ತಾಯ್ತು, ಜಾಗ ಹೇಗೆ? ನೆಲಕ್ಕೆ ಕಿವಿ ಇಟ್ಟು ಕೇಳೋದನ್ನ ವಿಡಿಯೋದಲ್ಲಿ ನೋಡಿರ್ತೀರ. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಕೆಜಿ ಪ್ರೆಶರ್ (ಚದರ ಸೆಂಟಿಮೀಟರಿಗೆ), ಮಹಡಿ ಇಲ್ಲದ ಮನೆಯ ತಾರಸಿ ಟ್ಯಾಂಕಿಂದ ನೆಲಕ್ಕೆ ಅರ್ಧ ಕೆಜಿನೂ ಬರಲ್ಲ, ಅಷ್ಟರಲ್ಲಿ ನೀರು ಸದ್ದಿಲ್ಲದೇ ಒಸರತ್ತೆ. ಅದಕ್ಕೇ ಪ್ರೆಶರ್ ಟೆಸ್ಟ್ ಪಂಪ್ ಇಟ್ಕೊಂಡಿರೋ ಪ್ಲಂಬರನ್ನೇ ಹುಡುಕಿ, ಇಲ್ಲದವರಿಗೆ ನೆಲ ಮುಟ್ಟೋಕೆ ಬಿಡಬೇಡಿ. ಗೀಸರ್ ಬಿಡಿಸಿ, ನಲ್ಲಿಗಳನ್ನೆಲ್ಲಾ ಬಿಚ್ಚಿ ಪ್ಲಗ್ ಹಾಕಿ, ಪೈಪಲ್ಲಿ ಗಾಳಿ ಉಳೀದ ಹಾಗೆ ನೀರು ತುಂಬಿಸಿ, ಕೈಪಂಪಲ್ಲಿ ನಾಲ್ಕೈದು ಕೆಜಿವರೆಗೆ ಒತ್ತಬೇಕು. ಹಳೇ ಜಿಐ ಪೈಪಾದ್ರೆ (ಸತು ಲೇಪದ ಕಬ್ಬಿಣದ್ದು) ಇನ್ನೂ ಕಮ್ಮಿ ಸಾಕು. ಪಂಪಿನ ಮುಳ್ಳು ಇಳೀತಾ ಇರುವಾಗಲೇ ಟಿವಿ ಫ್ಯಾನ್ ಎಲ್ಲಾ ಆಫ್ ಮಾಡಿ, ಡಾಕ್ಟರ ಸ್ಟೆತಸ್ಕೋಪ್ ಥರದ್ದನ್ನ ನೆಲಕ್ಕಿಟ್ಟು ಲೈನ್ ಹೋಗಿರೋ ದಾರೀಲೇ ಬನ್ನಿ, ಸುಯ್ ಅನ್ನೋ ಸದ್ದು ಜೋರಾಗೋ ಕಡೆ ಚಾಕ್‌ಪೀಸಲ್ಲಿ ಗುರುತು ಹಾಕಿ. ಜಾಸ್ತಿ ಸೋರೋದು ಎಲ್ಬೋ (ಮೂಲೆ ಜಾಯಿಂಟು), ಟೀ (ಕವಲು ಜಾಯಿಂಟು), ಪೈಪ್ ನೆಲದಿಂದ ಗೋಡೆಗೆ ಏರೋ ತಿರುವು. ಬಿಸಿನೀರಿನ ಲೈನಾದ್ರೆ, ಗೀಸರ್ ಬಿಡಿಸೋಕೆ ಮುಂಚೇನೇ ಬರಿಗಾಲಿಗೇ ಟೈಲ್ ಬೆಚ್ಚಗೆ ತಾಗತ್ತೆ. ಪಂಪಿನ ಬದಲು ಕಂಪ್ರೆಸರ್ ಗಾಳಿ ಬಿಡ್ತೀನಿ ಅಂದ್ರೆ ಖಂಡಿತಾ ಬೇಡ, ಪ್ಲಾಸ್ಟಿಕ್ ಪೈಪ್ ಸಿಡಿದು ಚೂರು ಮೈಗೆ ಬಡಿಯತ್ತೆ.

ಮೊದಲು ಯೋಚನೆ ಮಾಡಬೇಕಾದ್ದು ಇನ್ನೊಂದಿದೆ. ಜಿಐ ಪೈಪಾಗಿದ್ರೆ ನೆಲ ಒಡೀಲೇಬೇಡಿ. ಅದು ಉದ್ದಕ್ಕೂ ತುಕ್ಕು ಹಿಡಿದಿರತ್ತೆ, ಇಲ್ಲಿ ತೇಪೆ ಹಾಕಿದ್ರೆ ಒಂದು ಗಜ ಆಚೆ ಬಾಯಿ ಬಿಡತ್ತೆ. ಆ ಲೈನನ್ನ ಎರಡೂ ಕಡೆ ಎಂಡ್ ಕ್ಯಾಪ್ ಹಾಕಿ ಸಾಯ್ಸಿ, ಹೊರಗೋಡೆ ಮೇಲೆ ಹೊಸದಾಗಿ ಸಿಪಿವಿಸಿ (ಬಿಸಿನೀರೂ ತಡೆಯೋ ಪ್ಲಾಸ್ಟಿಕ್ ಪೈಪ್) ಎಳೆಸಿ. ನೋಡೋಕೆ ಚೆನ್ನಾಗಿರಲ್ಲ ಅಂತಾರೆ, ಇರಲಿ, ನಾಳೆ ಸೋರಿದ್ರೆ ಕಣ್ಣಿಗೆ ಕಾಣತ್ತಲ್ಲ.

ಸಿಪಿವಿಸಿ ಆಗಿದ್ದು ಒಂದೇ ಜಾಯಿಂಟ್ ಕೆಟ್ಟಿದ್ರೆ ಮಾತ್ರ ಒಡೀರಿ. ಗ್ರೈಂಡರಲ್ಲಿ ಟೈಲ್ ಅಂಚಿಗೆ ಗೀರಿ, ಪೈಪ್ ಹತ್ರ ಬಂದ್ಮೇಲೆ ಮೆಷಿನ್ ಬಿಟ್ಟು ಉಳಿ-ಸುತ್ತಿಗೆ. ಕೆಟ್ಟ ಭಾಗ ಕತ್ತರಿಸಿ, ಎರಡೂ ಕಡೆ ಒಂದೊಂದಡಿ ಜಾಸ್ತಿ ಮಣ್ಣು ಬಿಡಿಸಿ, ಆಗಲೇ ಪೈಪನ್ನ ಒಂಚೂರು ಎತ್ತಿ ಕಪ್ಲರ್ (ಎರಡು ಪೈಪ್ ಸೇರಿಸೋ ತುಂಡು) ಒಳಗೆ ಪೂರ್ತಿ ಕೂರಿಸೋಕಾಗೋದು. ಈ ಅಗೆತ ಉಳಿಸೋಕೆ ಹೋಗಿ ಅರ್ಧಂಬರ್ಧ ತೂರಿಸಿದ ಜಾಯಿಂಟು ಮತ್ತೆ ಸೋರೇ ಸೋರತ್ತೆ. ತುದಿ ನೇರ ಕತ್ತರಿಸಿ, ಒಳಗಿನ ಸಿಬರು ಕೆರೆದು, ಬಟ್ಟೇಲಿ ಒರೆಸಿ ಒಣಗಿಸಿ. ಒಂದು ಹನಿ ಜಿನುಗ್ತಿದ್ರೂ ಸೊಲ್ಯೂಷನ್ (ಪೈಪ್ ಅಂಟು) ಹಿಡಿಯಲ್ಲ. ಸೊಲ್ಯೂಷನ್ ಸಿಪಿವಿಸಿದೇ ಆಗಿರಬೇಕು, ಅಂಗಡಿಯವರು ಎಲ್ಲಾ ಒಂದೇ ಅಂತ ಪಿವಿಸಿದು ಕೊಟ್ರೆ ವಾಪಸ್ ಕೊಡಿ. ಪೈಪ್ ತುದಿಗೂ ಕಪ್ಲರ್ ಒಳಗೂ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಒಳಗೆ ತಳ್ಳಿ, ಅರ್ಧ ನಿಮಿಷ ಕೈ ಬಿಡದೇ ಹಿಡ್ಕೊಳ್ಳಿ. ಎಂ-ಸೀಲ್ ಮೆತ್ತೋದು, ಮೇಲಿಂದ ವಾಟರ್‌ಪ್ರೂಫ್ ಲಿಕ್ವಿಡ್ ಸುರಿಯೋದು ಇವೆಲ್ಲಾ ದುಡ್ಡು ದಂಡ.

ಅವತ್ತೇ ಮುಚ್ಚಿಸಬೇಡಿ. ಮೇಸ್ತ್ರಿಗೆ ದಿನಗೂಲಿ ಲೆಕ್ಕ, ಸಂಜೆಯೊಳಗೆ ಸಿಮೆಂಟ್ ಹಾಕಿಬಿಡೋಣ ಅಂತಾರೆ, ಒಪ್ಪಬೇಡಿ. ರಾತ್ರಿಯಿಡೀ ಒಣಗಲಿ, ಬೆಳಿಗ್ಗೆ ಮತ್ತೆ ಅದೇ ಪಂಪ್ ಹಾಕಿ ಒಂದು ಗಂಟೆ ಮುಳ್ಳು ಅಲ್ಲಾಡದೇ ನಿಂತ್ರೆ ಮುಂದಿನ ಕೆಲಸ. ಕೊಳಚೆ ಪೈಪಿಗೆ ಈ ಪ್ರೆಶರ್ ಬೇಡ, ಚೇಂಬರ್ ಕಡೆ ಬಾಯಿ ಬಿಗಿಯಾಗಿ ಮುಚ್ಚಿ, ನಹನಿವರೆಗೆ (ಬಾತ್‌ರೂಮ್ ನೆಲದ ನೀರು ಹೋಗೋ ಜಾಲರಿ) ನೀರು ನಿಲ್ಲಿಸಿ ಇಳಿಯತ್ತಾ ನೋಡಿ. ಗದಗ, ವಿಜಯಪುರ ಕಡೆ ಎರೆಮಣ್ಣಿನ ಮೇಲಿರೋ ಮನೆಗಳಲ್ಲಿ ಸೋರಿಕೆ ರಿಪೇರಿ ತಡ ಮಾಡಬಾರದು, ಆ ಮಣ್ಣು ನೀರು ಕುಡಿದು ಉಬ್ಬತ್ತೆ, ಒಣಗಿದ್ರೆ ಕುಗ್ಗತ್ತೆ, ನೆಲ ಎದ್ದು ಗೋಡೆ ಬಿರುಕು ಬಿಡತ್ತೆ.

ಮುಚ್ಚುವಾಗ ಪೈಪ್ ಸುತ್ತ ಕಲ್ಲು-ಜಲ್ಲಿ ಬೇಡ, ಜರಡಿ ಹಿಡಿದ ಮರಳು ತುಂಬಿ ಗಟ್ಟಿ ಮಾಡಿ, ಮೇಲೆ ಕಾಂಕ್ರೀಟ್. ಅದಕ್ಕೂ ಮುಂಚೆ ಗೋಡೆಯಿಂದ ಪೈಪಿಗೆ ಟೇಪ್ ಹಿಡಿದು, ಅಳತೆ ಕಾಣೋ ಹಾಗೆ ಫೋಟೋ ತೆಗೆದಿಟ್ಕೊಳ್ಳಿ. ಟೈಲ್ಸಿಗೆ ಅಂಗಡಿ ಸುತ್ತೋ ಮೊದಲು ಮನೆ ಅಟ್ಟ, ಮೆಟ್ಟಿಲ ಕೆಳಗೆ ಹುಡುಕಿ, ಮನೆ ಕಟ್ಟಿಸಿದಾಗ ಉಳಿದ ನಾಲ್ಕಾರು ಸಾಮಾನ್ಯವಾಗಿ ಅಲ್ಲೇ ಬಿದ್ದಿರತ್ತೆ.