ಗ್ಯಾರೇಜಲ್ಲಿ ಜರ್ಮನಿ ಇನ್ನೂ ಸೋತಿಲ್ಲ: ನನ್ನ ಪಿನ್‌ಬಾಲ್ ಅನುಭವ

ಪಿನ್‌ಬಾಲ್ ಅಂದ್ರೆ ಇಳಿಜಾರು ಮೇಜಿನ ಮೇಲೆ ಉರುಳೋ ಉಕ್ಕಿನ ಬಾಲನ್ನ ಫ್ಲಿಪ್ಪರ್ ಅನ್ನೋ ಎರಡು ಪುಟ್ಟ ಕೈಗಳಿಂದ ಹೊಡೀತಾ, ಕೆಳಗೆ ಜಾರದ ಹಾಗೆ ನೋಡ್ಕೊಳೋ ಆಟ. ನಾನು ಅದನ್ನ ಮೊದಲು ಆಡಿದ್ದು ಶಿವಮೊಗ್ಗದ ಒಂದು ಕಂಪ್ಯೂಟರ್ ಸೆಂಟರಲ್ಲಿ, ವಿಂಡೋಸ್ ಎಕ್ಸ್‌ಪಿ ಜೊತೆ ಬರ್ತಿತ್ತಲ್ಲ ಸ್ಪೇಸ್ ಕೆಡೆಟ್, ಅದು. ಸರ್ ಟ್ಯಾಲಿ ಕಲಿಸ್ತಿದ್ರು, ನಾನು ಝೆಡ್ ಕೀ ಕುಟ್ತಿದ್ದೆ. ನಿಜವಾದ ಮಷಿನ್ ಕಣ್ಣಿಂದ ನೋಡಿದ್ದು ಶಿಕಾಗೊಗೆ ಬಂದ ಮೇಲೆ. ಇಲ್ಲಿಗೆ ಬರೋ ತನಕ ಗೊತ್ತೇ ಇರ್ಲಿಲ್ಲ, ಪಿನ್‌ಬಾಲಿಗೆ ಶಿಕಾಗೊನೇ ತವರುಮನೆ. ಈ ಮಷಿನ್ ಮಾಡ್ತಿದ್ದ ಬ್ಯಾಲಿ, ವಿಲಿಯಮ್ಸ್, ಗಾಟ್ಲೀಬ್ ಎಲ್ಲಾ ಇಲ್ಲಿನ ಕಂಪನಿಗಳೇ ಆಗಿದ್ವು.

ನಾನು ತಗೊಂಡಿದ್ದು ವರ್ಲ್ಡ್ ಕಪ್ ಸಾಕರ್ ಅನ್ನೋ ಹಳೇ ಮಷಿನ್. ಬ್ಯಾಲಿ ಹೆಸರಲ್ಲಿ 1994ರ ಶುರುವಲ್ಲಿ ಬಂದಿದ್ದು, ಡಿಸೈನ್ ಜಾನ್ ಪೊಪಾಡಿಯಕ್ ಮತ್ತೆ ಲ್ಯಾರಿ ಡಿಮಾರ್. ಆ ವರ್ಷ ಅಮೆರಿಕದಲ್ಲಿ ಫುಟ್‌ಬಾಲ್ ವಿಶ್ವಕಪ್ ಇತ್ತಲ್ಲ, ಅದರ ಮೇಲೆ ಮಾಡಿದ್ದು. ಒಳಗೆ ನಿಜವಾಗಿ ತಿರುಗೋ ಒಂದು ಫುಟ್‌ಬಾಲ್ ಇದೆ, ಗೋಲ್ ಮುಂದೆ ಆ ಕಡೆ ಈ ಕಡೆ ಓಡಾಡೋ ಗೋಲಿ (ಗೋಲ್‌ಕೀಪರ್) ಇದಾನೆ, ಸ್ಟ್ರೈಕರ್ ಅನ್ನೋ ನಾಯಿ ಮರಿನೂ ಇದೆ. ಆಟ ಶಿಕಾಗೊದಲ್ಲಿ ಶುರು, ಊರೂರು ಸುತ್ತಿ ಲಾಸ್ ಏಂಜಲೀಸ್ ಸೇರಿ ಫೈನಲಲ್ಲಿ ಜರ್ಮನಿನ ಸೋಲಿಸ್ಬೇಕು. ಮಜಾ ಏನಂದ್ರೆ ಮಷಿನ್ ಬಂದಿದ್ದು ನಿಜವಾದ ಪಂದ್ಯಗಳಿಗಿಂತ ಎಷ್ಟೋ ತಿಂಗಳು ಮುಂಚೆ. 1990ರ ಚಾಂಪಿಯನ್ ಜರ್ಮನಿ, ಅವರೇ ಫೈನಲಿಗೆ ಬರ್ತಾರೆ ಅಂತ ಅಂದ್ಕೊಂಡಿರ್ಬೇಕು. ಆದ್ರೆ ಜರ್ಮನಿ ಕ್ವಾರ್ಟರ್ ಫೈನಲಲ್ಲೇ ಬಲ್ಗೇರಿಯಾ ಕೈಲಿ 2-1 ಸೋತು ಮನೆಗೆ ಹೋಯ್ತು, ಕಪ್ ಬ್ರೆಜಿಲ್ ಒಯ್ತು, ಅದೂ ಇಟಲಿ ಮೇಲೆ ಪೆನಾಲ್ಟಿಲಿ. ನಮ್ಮ ಗ್ಯಾರೇಜಲ್ಲಿ ಮಾತ್ರ ಇವತ್ತಿಗೂ ಫೈನಲಿಗೆ ಬರೋದು ಜರ್ಮನಿನೇ.

ಮಾರಿದವರು "ಸಣ್ಣ ಪುಟ್ಟ ಕೆಲಸ ಇದೆ" ಅಂದಿದ್ರು. ಮನೆಗೆ ತಂದು ಆನ್ ಮಾಡಿದ್ರೆ ಲೈಟೆಲ್ಲಾ ಜಗಮಗ, ಮ್ಯೂಸಿಕ್ ಜೋರು, ಆದ್ರೆ ಬಾಲ್ ರ‍್ಯಾಂಪ್ ಹತ್ತಿ ಇಳಿದ್ರೂ ಒಂದು ಪಾಯಿಂಟ್ ಇಲ್ಲ. ನನ್ನ ಹೆಂಡ್ತಿ ಬಾಗಿಲಲ್ಲಿ ನಿಂತು "ಏನ್ರೀ, ಕಾರು ಹೊರಗೆ ನೆನೀತಿದೆ, ಇದು ಒಳಗೆ ಮಲಗಿದೆ" ಅಂದ್ಲು. ಉತ್ತರ ಇರ್ಲಿಲ್ಲ.

ಹಿಂದಿನ ಬಾಕ್ಸ್ ತೆಗೆದು ನೋಡಿದ್ರೆ ಕಾರಣ ಎದುರಿಗೇ ಇತ್ತು. ಆ ಕಾಲದ ವಿಲಿಯಮ್ಸ್-ಬ್ಯಾಲಿ ಮಷಿನ್‌ಗಳ ಸಿಪಿಯು ಬೋರ್ಡ್ ಮೇಲೆ 3 ಡಬಲ್ ಎ ಬ್ಯಾಟರಿ ಕೂತಿರ್ತವೆ, ಹೈಸ್ಕೋರು ಸೆಟ್ಟಿಂಗು ನೆನಪಿಟ್ಕೊಳೋಕೆ. ಯಾರೋ ಅದನ್ನ ವರ್ಷಗಟ್ಟಲೆ ಬದಲಿಸದೆ ಬಿಟ್ಟು, ಅದು ಸೋರಿ, ಕೆಳಗಿರೋ ಸ್ವಿಚ್ ಮ್ಯಾಟ್ರಿಕ್ಸ್ ಭಾಗ (ಬಾಲ್ ಯಾವ ಸ್ವಿಚ್ ತಾಗ್ತು ಅಂತ ಓದೋದು ಇದೇ) ಹಸಿರು ಪಾಚಿ ಕಟ್ಟಿದ ಹಾಗೆ ಆಗಿತ್ತು. ಮ್ಯಾಟ್ರಿಕ್ಸ್ ಅಂದ್ರೆ 8 ಕಾಲಂ 8 ಸಾಲು, ಒಂದು ಸಾಲು ಸತ್ರೆ ಅದರಲ್ಲಿರೋ ಅಷ್ಟೂ ಸ್ವಿಚ್ ಒಟ್ಟಿಗೆ ಸಾಯ್ತವೆ.

ಕಷ್ಟ ಏನು ಅಂದ್ರೆ ಈ ಮಷಿನ್ ಸರಿ ಇದ್ದಾಗ ಹೇಗೆ ಆಡುತ್ತೆ ಅಂತಾನೇ ನಂಗೆ ಗೊತ್ತಿಲ್ಲ. ಸರಿ ಇದ್ದಿದ್ದು ನೋಡಿದ್ರೆ ತಾನೆ ಕೆಟ್ಟಿದ್ದು ಗೊತ್ತಾಗೋದು? ಅದಕ್ಕೇ ಕಂಪ್ಯೂಟರಲ್ಲಿ ಪಿನ್‌ಬಾಲ್ ಟೇಬಲ್ ಆಡಿಸೋ ವಿಶುವಲ್ ಪಿನ್‌ಬಾಲ್ ಹಾಕ್ಕೊಂಡೆ, ಜೊತೆಗೆ ಮಷಿನ್‌ನ ಹಳೇ ಪ್ರೋಗ್ರಾಮನ್ನ ಕಂಪ್ಯೂಟರಲ್ಲಿ ಓಡಿಸೋ ವಿಪಿನ್‌ಮೇಮ್. ಇದರಲ್ಲಿ ಎರಡು ಕೆಲಸ ಬೇರೆ ಬೇರೆ ನಡೀತವೆ. ಬಾಲ್ ಉರುಳೋದು, ರಬ್ಬರಿಗೆ ಬಡಿಯೋದು ಇದೆಲ್ಲಾ ವಿಶುವಲ್ ಪಿನ್‌ಬಾಲ್ ಲೆಕ್ಕ ಹಾಕುತ್ತೆ. ಆದ್ರೆ ಸ್ಕೋರು, ರೂಲ್ಸು, ಕಿತ್ತಳೆ ಬಣ್ಣದ 128 ಬೈ 32 ಚುಕ್ಕಿ ಡಿಸ್‌ಪ್ಲೇ, ಇವೆಲ್ಲಾ ನಡೆಸೋದು ಮಷಿನ್ ಚಿಪ್‌ನಲ್ಲಿದ್ದ ಅದೇ ಹಳೇ ಪ್ರೋಗ್ರಾಮ್. ಯಾರೋ ನೋಡ್ಕೊಂಡು ಹೊಸದಾಗಿ ಬರೆದಿದ್ದಲ್ಲ. ಹಾಗಾಗಿ ಟೆಸ್ಟ್ ಮೆನು ಕೂಡ ಹಾಗ್ಹಾಗೇ ಇದೆ! ಎಂಡ್ ಕೀ ಒತ್ತಿದ್ರೆ ಕಾಯಿನ್ ಡೋರ್ (ಮುಂದಿರೋ ನಾಣ್ಯ ಹಾಕೋ ಬಾಗಿಲು) ತೆಗೆದ ಹಾಗೆ, 7, 8, 9, 0 ಕೀಗಳು ಬಾಗಿಲ ಒಳಗಿರೋ 4 ಬಟನ್ ಹಾಗೆ. ಸ್ವಿಚ್ ಟೆಸ್ಟ್ ಹೇಗೆ ಮಾಡೋದು ಅಂತ ನಾನು ಕಲ್ತಿದ್ದು ಸೋಫಾ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು.

ಆಮೇಲೆ ಅದೇ ರೂಢಿ ಆಯ್ತು. ಲ್ಯಾಪ್‌ಟಾಪಲ್ಲಿ ಒಂದು ಶಾಟ್ ಹೊಡೆಯೋದು, ಏನಾಗುತ್ತೆ ಬರ್ಕೊಳೋದು, ಗ್ಯಾರೇಜಿಗೆ ಹೋಗಿ ಗಾಜು ತೆಗೆದು ಬಾಲನ್ನ ಕೈಯಲ್ಲೇ ಅದೇ ದಾರೀಲಿ ತಳ್ಳೋದು. ಅಲ್ಲಿ ಆಗಿದ್ದು ಇಲ್ಲಿ ಆಗ್ಲಿಲ್ಲ ಅಂದ್ರೆ ಗುರುತು. ಎರಡು ವಾರದಲ್ಲಿ ನೋಟ್‌ಬುಕ್ಕಲ್ಲಿ ಗುರುತು ಬಿದ್ದಿದ್ದೆಲ್ಲಾ ಒಂದೇ ಸಾಲಿನ ಸ್ವಿಚ್‌ಗಳು ಅಂತ ಗೊತ್ತಾಯ್ತು, ಅದಕ್ಕೆ ಸಂಬಂಧಪಟ್ಟ ಎಲ್‌ಎಂ339 ಚಿಪ್ ಬದಲಿಸಿದೆ. ಅದಕ್ಕೂ ಮುಂಚೆ ಬೋರ್ಡ್ ಬಿಚ್ಚಿ ಬಿಳಿ ವಿನೆಗರ್ ಹಚ್ಚಿ ಉಜ್ಜಿ (ಸೋರೋದು ಕ್ಷಾರ, ಅದಕ್ಕೆ ಹುಳಿನೇ ಮದ್ದು), ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ತೊಳೆದೆ. ಅಮ್ಮ ವಿಡಿಯೋ ಕಾಲಲ್ಲಿ ನೋಡಿ "ಹುಣಸೆಹಣ್ಣು ಹಾಕಿ ತಿಕ್ಕೋ, ತಾಮ್ರದ ಚೊಂಬೇ ಬೆಳ್ಳಗಾಗುತ್ತೆ" ಅಂದ್ರು. ಐಡಿಯಾ ತಪ್ಪೇನಲ್ಲ. ಗೋಲಿ ಒಂದೇ ಕಡೆ ವಾಲ್ತಿದ್ದ, ಅದು ಬರೀ ಸಡಿಲ ಸ್ಕ್ರೂ.

ಇನ್ನು ಆಟದ ವಿಷಯ. ಲ್ಯಾಪ್‌ಟಾಪಲ್ಲಿ ಕಲ್ತಿದ್ದು ಗ್ಯಾರೇಜಲ್ಲಿ ಅರ್ಧ ಮಾತ್ರ ನಡೀತು. ಯಾವಾಗ ಗೋಲ್ ಹೊಡೀಬೇಕು, ಯಾವ ರ‍್ಯಾಂಪ್ ಹತ್ತಿಸ್ಬೇಕು ಇದೆಲ್ಲಾ ತಲೇಲಿ ಕೂತಿತ್ತು, ಕೈ ಮಾತ್ರ ಕೇಳ್ತಿರ್ಲಿಲ್ಲ. ಉಕ್ಕಿನ ಬಾಲ್ 80 ಗ್ರಾಂ ತೂಕ, ಅದು ಆ ತಿರುಗೋ ಫುಟ್‌ಬಾಲಿಗೆ ತಾಗಿದ್ರೆ ಯಾವ ಕಡೆ ಚಿಮ್ಮುತ್ತೆ ಅಂತ ಅದಕ್ಕೇ ಗೊತ್ತಿರಲ್ಲ. ಬಾಲನ್ನ ಹಿಡಿದು ನಿಲ್ಸೋಕೆ ಒಂದು ಮ್ಯಾಗ್ನೆಟ್ ಇದೆ, ಕಂಪ್ಯೂಟರಲ್ಲಿ ಅದರ ಬಟನ್ ಅಂದ್ರೆ ಕಂಟ್ರೋಲ್ ಕೀ, ಒತ್ತಿದ್ರೆ ಬಾಲ್ ನಿಲ್ಲುತ್ತೆ, ಇಲ್ಲಿ ಕಣ್ಣು ರೆಪ್ಪೆ ಹೊಡೆಯೋಷ್ಟು ತಡ ಆದ್ರೆ ಮುಗೀತು. ಇನ್ನೊಂದು ತಮಾಷೆ, ಸ್ಪೇಸ್ ಕೆಡೆಟಲ್ಲಿ ಝೆಡ್ ಅಂದ್ರೆ ಎಡಗಡೆ ಫ್ಲಿಪ್ಪರ್, ವಿಶುವಲ್ ಪಿನ್‌ಬಾಲಲ್ಲಿ ಫ್ಲಿಪ್ಪರ್ ಶಿಫ್ಟ್ ಕೀಗೆ ಹೋಗಿ ಝೆಡ್ ಒತ್ತಿದ್ರೆ ಟೇಬಲ್ಲೇ ಅಲ್ಲಾಡುತ್ತೆ. ಶಿವಮೊಗ್ಗದ ಅಭ್ಯಾಸ ಬಿಡ್ದೆ ಮೊದಲ ವಾರ ಪೂರ್ತಿ ನಾನು ಟಿಲ್ಟ್ (ಜಾಸ್ತಿ ಅಲ್ಲಾಡ್ಸಿದ್ದಕ್ಕೆ ಆಟ ನಿಲ್ಲೋದು) ಆಗ್ತಾನೇ ಇದ್ದೆ.

ಮಷಿನ್ ಅಲ್ಲಾಡ್ಸೋದಂತೂ ಕೀಬೋರ್ಡಲ್ಲಿ ಕಲಿಯೋಕೆ ಆಗೋದೇ ಇಲ್ಲ ಅಂತ ನಂಗನ್ಸುತ್ತೆ. ಸೊಂಟದಿಂದ ಸ್ವಲ್ಪ ತಳ್ಬೇಕು, ಜಾಸ್ತಿ ಆದ್ರೆ ಒಳಗಿನ ಲೋಲಕ ಉಂಗುರಕ್ಕೆ ತಾಗಿ ಆಟ ಸತ್ತೋಗುತ್ತೆ. ಲ್ಯಾಪ್‌ಟಾಪಲ್ಲಿ ನಾನು ಜರ್ಮನಿನ 3 ಸಲ ಸೋಲ್ಸಿದೀನಿ. ಗ್ಯಾರೇಜಲ್ಲಿ ಒಂದೇ ಸಲ ಲಾಸ್ ಏಂಜಲೀಸ್ ತಲುಪಿದ್ದು, ಖುಷಿಗೆ ಜೋರಾಗಿ ತಳ್ಳಿಬಿಟ್ಟೆ.

ಈಗ ಬ್ಯಾಟರಿನ ಬೋರ್ಡಿಂದ ತೆಗೆದು, ವೈರ್ ಎಳೆದು ಕಾಯಿನ್ ಡೋರ್ ಹತ್ರ ಒಂದು ಡಬ್ಬೀಲಿ ಇಟ್ಟಿದೀನಿ, ಸೋರಿದ್ರೆ ಅಲ್ಲೇ ಸೋರ್ಲಿ. ಹೋದ ತಿಂಗಳು ಹೊಸ ಬ್ಯಾಟರಿ ಹಾಕುವಾಗ ಮಗಳು ಓಡಿ ಬಂದು "ಅಪ್ಪಾ, ಆಫ್ ಮಾಡ್ಬೇಡ, ಆನ್ ಇಟ್ಟೇ ಬದಲಿಸು" ಅಂದ್ಲು. ಆಫ್ ಮಾಡಿ ಬ್ಯಾಟರಿ ತೆಗೆದ್ರೆ ಹೈಸ್ಕೋರ್ ಪಟ್ಟಿ ಅಳಿಸಿ ಹೋಗುತ್ತೆ ಅಂತ ಅವಳಿಗೆ ಗೊತ್ತು. ಪಟ್ಟೀಲಿ ಮೊದಲ ಹೆಸರು ಅವಳ್ದೇ.