ಪರಮಪ್ರಸಾದ ಸ್ವೀಕಾರಕ್ಕೆ ಸಿದ್ಧರಾಗುವ ಬಗೆ

ಪರಮಪ್ರಸಾದಕ್ಕೆ, ಅಂದರೆ ಕಥೋಲಿಕ ಕ್ರೈಸ್ತರು ಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿಗೆ, ಸಿದ್ಧರಾಗುವವರು ತಾವು ಸ್ವೀಕರಿಸಲಿರುವುದು ಏನೆಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ಬಲಿಪೂಜೆಯಲ್ಲಿ (ದೇವಾಲಯದ ಮುಖ್ಯ ಆರಾಧನೆಯಲ್ಲಿ) ಗುರುಗಳು, ಅಂದರೆ ಪಾದ್ರಿಗಳು, ಯೇಸು ಮರಣದ ಮುನ್ನಾದಿನ ಶಿಷ್ಯರೊಂದಿಗೆ ಮಾಡಿದ ಕಡೆಯ ಭೋಜನದಲ್ಲಿ ಆಡಿದ ಮಾತುಗಳನ್ನು ಉಚ್ಚರಿಸಿದಾಗ, ಗೋಧಿಯ ರೊಟ್ಟಿಯೂ ದ್ರಾಕ್ಷಾರಸವೂ ನೋಟದಲ್ಲಿ, ರುಚಿಯಲ್ಲಿ ಮೊದಲಿನಂತೆಯೇ ಉಳಿದರೂ, ಸತ್ವದಲ್ಲಿ ಕ್ರಿಸ್ತರ ಶರೀರ ಮತ್ತು ರಕ್ತವಾಗಿ ಮಾರ್ಪಡುತ್ತವೆ ಎಂಬುದು ಕಥೋಲಿಕ ಧರ್ಮಸಭೆಯ ವಿಶ್ವಾಸ. 1551ರಲ್ಲಿ ಧರ್ಮಾಧ್ಯಕ್ಷರ (ಬಿಷಪರ) ಟ್ರೆಂಟ್ ಮಹಾಸಭೆ ಇದನ್ನು ಸ್ಪಷ್ಟವಾಗಿ ಸಾರಿತು. ಇದನ್ನು ಬರಿಯ ಸಂಕೇತವೆಂದು ಭಾವಿಸಿ ಸಾಲಿನಲ್ಲಿ ನಿಲ್ಲುವುದು ಸಲ್ಲದು.

ಅನಂತರ ಆತ್ಮಶೋಧನೆ. ಗಂಭೀರ ಪಾಪದ ಅರಿವಿದ್ದವರು ಮೊದಲು ಪಾಪನಿವೇದನೆ ಮಾಡಬೇಕು, ಅಂದರೆ ಗುರುಗಳ ಮುಂದೆ ಪಾಪಗಳನ್ನು ಒಪ್ಪಿಕೊಂಡು ಕ್ಷಮೆ ಪಡೆಯಬೇಕು. ಯೋಗ್ಯತೆಯಿಲ್ಲದೆ ಈ ರೊಟ್ಟಿಯನ್ನು ತಿನ್ನಬಾರದೆಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೆಯ ಅಧ್ಯಾಯದಲ್ಲಿ ಎಚ್ಚರಿಸುತ್ತಾರೆ; ಅವರು ಹಾಗೆ ಬರೆದದ್ದು, ಪ್ರಭುವಿನ ಭೋಜನಕ್ಕೆಂದು ಕೂಡಿದಲ್ಲಿ ಉಳ್ಳವರು ಮುಂಚೆಯೇ ಉಂಡು, ಇಲ್ಲದವರು ಹಸಿದು ಕುಳಿತಿರುತ್ತಿದ್ದುದನ್ನು ಕೇಳಿ. ಆದ್ದರಿಂದ ನೆರೆಯವರ ಹಸಿವನ್ನೂ, ಒಂದೇ ದೇವಾಲಯಕ್ಕೆ ಬಂದೂ ಜಮೀನಿನ ವ್ಯಾಜ್ಯದಿಂದ ಮಾತು ಬಿಟ್ಟಿರುವ ದಾಯಾದಿಯನ್ನೂ ಒಳಗೊಳ್ಳದ ಆತ್ಮಶೋಧನೆ ಅರೆಯೇ ಸರಿ. ಪರಮಪ್ರಸಾದಕ್ಕೆ ಮುನ್ನ ಪರಸ್ಪರ ಶಾಂತಿಯನ್ನು ಹಂಚಿಕೊಳ್ಳುವಾಗ ಆ ದಾಯಾದಿಯತ್ತ ತಿರುಗಿ ಕೈಮುಗಿಯುವುದು ಬಹಳ ಕಷ್ಟದ ಸಿದ್ಧತೆ, ಆದರೆ ಬಹಳ ಅಗತ್ಯದ್ದು.

ಸ್ವೀಕಾರಕ್ಕೆ ಮುನ್ನ ಕನಿಷ್ಠ ಒಂದು ಗಂಟೆ ಉಪವಾಸವಿರಬೇಕು. ನೀರು, ಔಷಧಿಗೆ ಅಡ್ಡಿಯಿಲ್ಲ. ವೃದ್ಧರಿಗೆ, ರೋಗಿಗಳಿಗೆ, ಅವರ ಆರೈಕೆಯಲ್ಲಿರುವವರಿಗೆ ವಿನಾಯಿತಿಯಿದೆ.

ಕೈಯಲ್ಲಿ ಸ್ವೀಕರಿಸುವವರು ಬಲ ಅಂಗೈಯ ಮೇಲೆ ಎಡ ಅಂಗೈಯನ್ನು ತೆರೆದಿಟ್ಟು, ಗುರುಗಳು ‘ಕ್ರಿಸ್ತರ ಶರೀರ’ ಎಂದಾಗ ಸ್ಪಷ್ಟವಾಗಿ ‘ಆಮೆನ್’ ಎಂದು ಹೇಳಿ, ಬಲಗೈಯಿಂದ ತೆಗೆದು ಅಲ್ಲಿಯೇ ಸೇವಿಸಬೇಕು. ಕೈಯಲ್ಲಿ ಹಿಡಿದುಕೊಂಡು ಬೆಂಚಿಗೆ ಮರಳಬಾರದು. ಅಂಗೈಯಲ್ಲಿ ಚೂರು ಉಳಿದಿದ್ದರೆ ಅದನ್ನೂ ಸೇವಿಸಬೇಕು, ಏಕೆಂದರೆ ಆ ಚೂರಿನಲ್ಲಿಯೂ ಕ್ರಿಸ್ತರು ಪೂರ್ಣವಾಗಿಯೇ ಇದ್ದಾರೆ. ನಾಲಿಗೆಯ ಮೇಲೆ ಸ್ವೀಕರಿಸುವ ಹಕ್ಕೂ ಎಲ್ಲರಿಗಿದೆ. ಬೆಂಚಿಗೆ ಮರಳಿದ ಮೇಲೆ ಸ್ವಲ್ಪ ಹೊತ್ತು ಮೌನವಾಗಿ ಪ್ರಾರ್ಥಿಸುವುದು ಉಚಿತ.

ಮದುವೆಯ ಪೂಜೆಗೆ ಬಂದ ಅನ್ಯಧರ್ಮೀಯ ಸ್ನೇಹಿತರು ಇದನ್ನು ಎಲ್ಲರಿಗೂ ಹಂಚುವ ಪ್ರಸಾದವೆಂದು ಎಣಿಸಿ ಸಾಲಿನಲ್ಲಿ ನಿಲ್ಲುವುದುಂಟು. ಇದು ಹಾಗಲ್ಲವೆಂದು ಮನೆಯವರು ಮುಂಚಿತವಾಗಿ, ಪ್ರೀತಿಯಿಂದ ತಿಳಿಸಬೇಕು. ದೇವಾಲಯಕ್ಕೆ ಬರಲಾಗದ ರೋಗಿಗಳಿದ್ದರೆ ಧರ್ಮಕೇಂದ್ರದ ಗುರುಗಳಿಗೆ ಹೇಳಿ, ಅವರು ಪರಮಪ್ರಸಾದವನ್ನು ತರುವ ಹೊತ್ತಿಗೆ ಹಾಸಿಗೆಯ ಬಳಿ ಬಿಳಿ ಬಟ್ಟೆ ಹಾಸಿದ ಮೇಜನ್ನೂ ಶಿಲುಬೆಯನ್ನೂ ಮೇಣದಬತ್ತಿಯನ್ನೂ ರೋಗಿಗೆ ಕುಡಿಯಲು ಒಂದು ಲೋಟ ನೀರನ್ನೂ ಅಣಿಗೊಳಿಸಿರಬೇಕು.