ಆಫೀಸಿನ ಗೋಡೆ ಮೇಲಿನ ಆ ಸಾಲು

ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಬಂದಿಳಿದ ನಮ್ಮವರು ಮೊದಲು ಕೇಳುವುದು ಒಂದೇ: ಯಾವ ಸ್ಕೂಲಿಗೆ ಹತ್ತಕ್ಕೆ ಹತ್ತು ರೇಟಿಂಗ್ ಇದೆ? ನಾನೂ ಹಾಗೇ ಕೇಳಿದವನು. ಡಿಸ್ಟ್ರಿಕ್ಟ್ ಯಾವುದು ಅಂತ ಕೇಳಬೇಕೆಂದು ಹೊಳೆದಿರಲಿಲ್ಲ.

ಊರಲ್ಲಿ ಜಿಲ್ಲೆ ಅಂದರೆ ಡಿಸಿ ಆಫೀಸು ನೆನಪಾಗುತ್ತದೆ, ಅಲ್ವಾ? ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಒಂದು ಪ್ರದೇಶದ ಸರ್ಕಾರಿ ಸ್ಕೂಲುಗಳನ್ನು ನಡೆಸುವ ಸಂಸ್ಥೆ. ಅದಕ್ಕೆ ಜನ ವೋಟು ಹಾಕಿ ಆರಿಸಿದ ಬೋರ್ಡ್ ಇರುತ್ತದೆ, ಗಡಿಯೂ ಅದರದೇ. ಕ್ಯುಪರ್ಟಿನೋದಲ್ಲಿ ಎಂಟನೇ ಕ್ಲಾಸಿನವರೆಗೆ ಕ್ಯುಪರ್ಟಿನೋ ಯೂನಿಯನ್ ಅನ್ನುವ ಡಿಸ್ಟ್ರಿಕ್ಟ್, ಹೈಸ್ಕೂಲಿಗೆ ಫ್ರೀಮಾಂಟ್ ಯೂನಿಯನ್ ಅನ್ನುವ ಇನ್ನೊಂದು. ಹೆಸರು ನೋಡಿ ಫ್ರೀಮಾಂಟ್ ಊರಲ್ಲಿ ಮನೆ ಹುಡುಕಬೇಡಿ, ಆ ಊರಿನದು ಫ್ರೀಮಾಂಟ್ ಯೂನಿಫೈಡ್. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ವಿಳಾಸ ಯಾವ ಡಿಸ್ಟ್ರಿಕ್ಟಿಗೆ ಬರುತ್ತದೆ ಅಂತ ನೋಡಿಕೊಳ್ಳಿ.

ಮಗುವನ್ನು ಸೇರಿಸಲು ಹೋದಾಗ ಆಫೀಸಿನ ಗೋಡೆ ಮೇಲೆ ಡಿಸ್ಟ್ರಿಕ್ಟಿನ ಮಿಷನ್, ಅಂದರೆ ಅವರ ಧ್ಯೇಯ, ಅದರ ಕೆಳಗೆ ಅವರ ನಂಬಿಕೆಗಳು ಕಾಣಬಹುದು. ಪ್ರತಿಯೊಂದು ಮಗುವೂ ಕಲಿಯಬಲ್ಲದು, ಮನೆಯವರು ನಮ್ಮ ಜೊತೆಗಾರರು, ಹೀಗೆ. ಮೊದಲ ಸಲ ಓದಿದಾಗ ನನಗೆ ಅದು ಕಲ್ಯಾಣಮಂಟಪದ ಸುಸ್ವಾಗತ ಬೋರ್ಡಿನ ಹಾಗೆ ಕಂಡಿತ್ತು. ಸುಮ್ನೆ ಚೆಂದಕ್ಕೆ ಹಾಕಿದ್ದಾರೆ ಅಂದುಕೊಂಡೆ. ಅಲ್ಲ, ಆ 'ಪ್ರತಿಯೊಂದು ಮಗು' ಅನ್ನುವ ಮಾತಿನ ಹಿಂದೆ ಕಾನೂನು ಇದೆ.

ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ ಹೂಡಿದ ಕೇಸಿನಲ್ಲಿ 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು: ಇಂಗ್ಲಿಷ್ ಬಾರದ ಮಗುವಿಗೆ ಅದೇ ಪುಸ್ತಕ, ಅದೇ ಟೀಚರ್ ಕೊಟ್ಟುಬಿಟ್ಟರೆ ಸಮಾನತೆ ಆಗುವುದಿಲ್ಲ. 1982ರ ಇನ್ನೊಂದು ತೀರ್ಪಿನ ಪ್ರಕಾರ ವಲಸೆಯ ಕಾಗದ ಇಲ್ಲ ಅಂತ ಮಗುವನ್ನು ಸ್ಕೂಲಿನಿಂದ ಹೊರಗಿಡುವ ಹಾಗಿಲ್ಲ. ಆದ್ದರಿಂದ ನಿಮ್ಮ ವೀಸಾ ಯಾವುದಾದರೂ ಹೆದರಬೇಡಿ. ವಯಸ್ಸು, ವಿಳಾಸ, ಲಸಿಕೆ ಇವುಗಳ ದಾಖಲೆ ಮುಖ್ಯ.

ಮನೆಮಾತು ಯಾವುದು ಅಂತ ಕೇಳುವ ಫಾರಂ ಬಂದರೆ 'ಕನ್ನಡ' ಅಂತಲೇ ಬರೆಯಿರಿ. ಮಗುವಿಗೆ ಹಣೆಪಟ್ಟಿ ಅಂಟುತ್ತದೆ ಅಂತ ಇಂಗ್ಲಿಷ್ ಬರೆದು ಬಂದವರು ನಮ್ಮಲ್ಲಿ ಜಾಸ್ತಿ. ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ನೋಡಲು ಎಲ್ಪ್ಯಾಕ್ ಅನ್ನುವ ಪರೀಕ್ಷೆ ಮಾಡುತ್ತಾರೆ, ಅಷ್ಟೇ. ಇಂಗ್ಲಿಷ್ ಚೆನ್ನಾಗಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಸ್ಕೂಲು ಸಹಾಯ ಕೊಡಲೇಬೇಕು. ರಾಜ್ಯದ 2013ರ ಅನುದಾನ ಪದ್ಧತಿಯಲ್ಲಿ ಅಂಥ ಮಕ್ಕಳಿಗೆ ಡಿಸ್ಟ್ರಿಕ್ಟಿಗೆ ಜಾಸ್ತಿ ಹಣವೂ ಬರುತ್ತದೆ. ಆ ಹಣ ಎಲ್ಲಿಗೆ ಹೋಗುತ್ತದೆ ಅನ್ನುವುದು ಎಲ್‌ಕ್ಯಾಪ್ ಅನ್ನುವ ಮೂರು ವರ್ಷದ ಯೋಜನೆಯಲ್ಲಿರುತ್ತದೆ. ದಪ್ಪ ದಾಖಲೆ, ಓದಲು ಬೇಜಾರು. ಗುರಿ, ಅದರ ಪಕ್ಕದ ದುಡ್ಡು, ಇವೆರಡನ್ನು ನೋಡಿದರೆ ಸಾಕು. ಗೋಡೆಯ ಮಾತು ನಿಜವೋ ಬರೀ ಬಾಯಿಮಾತೋ ಅಂತ ಅಲ್ಲೇ ಗೊತ್ತಾಗುತ್ತದೆ.

'ಮನೆಯವರು ಜೊತೆಗಾರರು' ಅನ್ನುವ ನಂಬಿಕೆಯನ್ನು ನಾನು ಕಲಿತದ್ದು ಕಷ್ಟಪಟ್ಟು. ಮಗನಿಗೆ ಓದುವುದು ತೊಡಕಾದಾಗ ಟೀಚರ್ ಹತ್ತಿರ ಬಾಯಲ್ಲಿ ಹೇಳಿ ಬಂದೆ. ನೋಡೋಣ ಅಂದರು. ನಾನೂ ಗುರುಗಳಿಗೆ ಎದುರು ಮಾತಾಡಬಾರದು ಅಂತ ಸುಮ್ಮನಿದ್ದೆ. ಹಾಗೇ ಎರಡು ತಿಂಗಳು ಹೋಯಿತು. ಆಮೇಲೆ ಪಕ್ಕದ ಮನೆಯವರು ಬೈದು ಇಮೇಲ್ ಬರೆಸಿದರು. ಕ್ಯಾಲಿಫೋರ್ನಿಯಾದಲ್ಲಿ ವಿಶೇಷ ಶಿಕ್ಷಣದ ತಪಾಸಣೆ ಬೇಕು ಅಂತ ಬರಹದಲ್ಲಿ ಕೇಳಿದರೆ ಸಾಮಾನ್ಯವಾಗಿ 15 ದಿನದೊಳಗೆ ತಪಾಸಣೆಯ ಯೋಜನೆ ಕೈಗೆ ಬರಬೇಕು. ನೀವು ಒಪ್ಪಿ ಸಹಿ ಹಾಕಿದ ಮೇಲೆ 60 ದಿನದಲ್ಲಿ ತಪಾಸಣೆ ಮುಗಿದು ನಿಮ್ಮ ಜೊತೆ ಮೀಟಿಂಗ್ ಆಗಬೇಕು, ದೊಡ್ಡ ರಜೆಯ ದಿನ ಬಿಟ್ಟು. ಬಾಯಲ್ಲಿ ಹೇಳಿದ್ದಕ್ಕೆ ಈ ಲೆಕ್ಕ ಶುರುವಾಗುವುದೇ ಇಲ್ಲ.

ಬೋರ್ಡ್ ಮೀಟಿಂಗಿಗೂ ಒಮ್ಮೆ ಹೋಗಿ. ಮಾಮೂಲಿ ಮೀಟಿಂಗಿನ ಅಜೆಂಡಾ 72 ಗಂಟೆ ಮೊದಲೇ ಹಾಕಿರಬೇಕು. ಯಾರು ಬೇಕಾದರೂ ಎದ್ದು ಮಾತಾಡಬಹುದು, ಸಿಟಿಜನ್ ಆಗಿರಬೇಕಿಲ್ಲ. ಸಿಗುವುದು ಎರಡು ಮೂರು ನಿಮಿಷ ಮಾತ್ರ, ಅದಕ್ಕೆ ಹೇಳುವುದನ್ನು ಬರೆದುಕೊಂಡು ಹೋಗಿ. ನನ್ನ ಮೊದಲ ಸಲ ನಮಸ್ಕಾರ, ಪರಿಚಯ, ಬೋರ್ಡಿನವರ ಹೊಗಳಿಕೆ ಆಗುವಷ್ಟರಲ್ಲೇ ಗಂಟೆ ಬಾರಿಸಿತ್ತು.